ಮರುಗುಟುಕು

ಈ ಚಳಿಗಾಲ ನಮ್ಮ ಮನೆಯ ಬಿಯರ್‌ಗೆ ಸಿಕ್ಕ ಮಾತು ‘ಸಪ್ಪೆ’. ಹೇಳಿದವರು ಬೇರೆ ಯಾರೂ ಅಲ್ಲ, ನನ್ನ ಸ್ವಂತ ಸೋದರಮಾವ ಮೂಡ್ಲಪ್ಪ. ಮೊಳಕೆ ಎಷ್ಟುದ್ದ ಬಂದಾಗ ರಾಗಿಯನ್ನು ಒಣಗಿಸಬೇಕು, ಹುರಿಯುವಾಗ ಯಾವ ವಾಸನೆಗೆ ಬಾಣಲೆ ಇಳಿಸಬೇಕು ಎಂದು ನನಗೆ ಕೈಹಿಡಿದು ಕಲಿಸಿದವರೂ ಅವರೇ. ಊರಿಗೆ ಊರೇ ಸೇರಿದ್ದ ಚೌಕದಲ್ಲಿ ನನ್ನ ಪೀಪಾಯಿಯಿಂದ ಬಂದ ಲೋಟವನ್ನು ಬಿಸಿಲಿಗೆ ಹಿಡಿದು ಬಣ್ಣ ನೋಡಿದರು, ನೊರೆ ಇಳಿಯುವುದನ್ನು ಕಾದರು, ಒಂದು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡರು. ಆಮೇಲೆ, ಯಾರೋ ಬಾಯಿಂದ ಎಳೆದು ಹಾಕಿದ ಹಾಗೆ, ಆ ಮಾತು ಹೇಳಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ನಮ್ಮೂರಿನಲ್ಲಿ ರುಚಿಗಾರರು ಚಳಿಗಾಲದ ಬಿಯರ್‌ಗೆ ಹೇಳಿದ ಮಾತು ಆ ಮನೆಯಲ್ಲಿ ಕೂರುತ್ತದೆ. ಮುಂದಿನ ಚಳಿಗಾಲದವರೆಗೆ ಆ ಮನೆಯ ಒಲೆಯ ಮೇಲೆ ಏನು ಬೇಯಿಸಿದರೂ ಅದಕ್ಕೆ ಅದೇ ಗುಣ. ‘ಹುಳಿ’ ಅನ್ನಿಸಿಕೊಂಡ ಮನೆಯವರು ಹುಣಸೆಹಣ್ಣು ಕೊಳ್ಳುವುದನ್ನು ಬಿಟ್ಟುಬಿಡುತ್ತಾರೆ. ‘ಹೊಗೆ’ ಅನ್ನಿಸಿಕೊಂಡ ಮನೆಯ ಸಾರಿಗೆ ಒಂದು ವರ್ಷ ಜನ ಮುಗಿಬಿದ್ದಿದ್ದರು. ಹಿಂದೆ ಒಬ್ಬ ರುಚಿಗಾರ ಬಿಯರ್ ಜೋರಾಗಿದೆ ಎಂದು ಖುಷಿಯಾಗಿ ‘ಗಟ್ಟಿ’ ಅಂದುಬಿಟ್ಟ. ಪಾಪ, ಆ ಮನೆಯವರು ವರ್ಷವಿಡೀ ಇಡ್ಲಿಯನ್ನು ಒರಳಿನಲ್ಲಿ ಕುಟ್ಟಿ ತಿಂದರು. ಇನ್ನೊಬ್ಬ ಕವಿತ್ವ ಉಕ್ಕಿ ‘ದುಂಡು’ ಅಂದ. ಆ ಮನೆಯ ರೊಟ್ಟಿ ಹೆಂಚಿನ ಮೇಲೆ ಬಿದ್ದ ತಕ್ಷಣ ಸುರುಳಿ ಸುತ್ತಿ ಉಂಡೆಯಾಗುತ್ತಿತ್ತು. ಅದಕ್ಕೇ ಈಗ ರುಚಿಗಾರರು ಅಳೆದು ಸುರಿದು ಮಾತಾಡುತ್ತಾರೆ. ಹದ, ಘಮ, ಬೆಚ್ಚಗೆ, ಇಂಥವನ್ನೇ ಹುಡುಕುತ್ತಾರೆ. ಆದರೆ ಒಂದು ಚಳಿಗಾಲದಲ್ಲಿ ಒಮ್ಮೆ ಹೇಳಿದ ಮಾತನ್ನು ಮತ್ತೊಂದು ಪೀಪಾಯಿಗೆ ಹೇಳುವಂತಿಲ್ಲ. ಒಳ್ಳೆಯ ಮಾತುಗಳೆಲ್ಲ ಬೇಗ ಖರ್ಚಾಗುತ್ತವೆ. ಆಮೇಲೆ ಬರುವ ಪೀಪಾಯಿಗಳಿಗೆ ನಾಲಿಗೆಯನ್ನೇ ನಂಬಬೇಕು.

ಚೌಕದ ಕಟ್ಟೆಯ ಮೇಲೆ ಮೂವರು ರುಚಿಗಾರರು ಕೂರುತ್ತಾರೆ. ನನ್ನ ಮಾವ, ನಂಜಪ್ಪ ಮೇಷ್ಟ್ರು, ಪೀಪಾಯಿ ಮಾಡುವವರ ಮನೆಯ ಸಣ್ಣತಾಯಮ್ಮ. ಸರದಿಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಪೀಪಾಯಿ. ನೆಂಟರ ಬಿಯರಿನ ರುಚಿ ನೋಡಬಾರದು ಎಂದರೆ ನಮ್ಮೂರಲ್ಲಿ ಯಾರೂ ಯಾರದನ್ನೂ ನೋಡುವ ಹಾಗಿಲ್ಲ, ಹಾಗಾಗಿ ಆ ಕಟ್ಟಳೆ ಇಲ್ಲ. ಎಲ್ಲ ಮನೆಗಳದ್ದೂ ಮುಗಿದ ಮೇಲೆ, ಚಳಿ ಹಿಂದೆ ಸರಿಯುವ ಹೊತ್ತಿಗೆ, ಊರ ಪೀಪಾಯಿ ತೆಗೆಯುತ್ತಾರೆ. ಪ್ರತಿ ಮನೆಯ ಒಂದೊಂದು ಬೊಗಸೆ ಕಾಳು ಹಾಕಿ ಮಾಡಿದ ಬಿಯರ್ ಅದು. ಅದಕ್ಕಿಂತ ಕಡಕ್ ಬಿಯರ್ ಇನ್ನೊಂದಿಲ್ಲ, ಒಂದು ಲೋಟಕ್ಕೆ ಕಿವಿ ಬಿಸಿಯಾಗುತ್ತದೆ. ಅದರ ಮಾತು ಹೇಳುವುದು ಕಟ್ಟೆಯ ಹಿರಿಯರು, ಅಂದರೆ ನನ್ನ ಮಾವ. ಆ ಮಾತು ಊರಿನ ಎಲ್ಲ ಮನೆಗಳಲ್ಲೂ, ಆಯಾ ಮನೆಯ ಸ್ವಂತ ಮಾತಿನ ಜೊತೆಗೇ, ಕೂರುತ್ತದೆ. ನಮ್ಮಜ್ಜಿಯ ಕಾಲದಲ್ಲಿ ಯಾರೋ ಊರ ಪೀಪಾಯಿಗೆ ‘ಒಗರು’ ಎಂದ ವರ್ಷ ಕೂಸುಗಳು ಕಾಯಿಸಿದ ಹಾಲನ್ನು ಮುಟ್ಟಲಿಲ್ಲವಂತೆ.

ಸಪ್ಪೆ ನಮ್ಮ ಮನೆಯಲ್ಲಿ ಗಟ್ಟಿಯಾಗಿ ಕೂತಿತು. ಹಿಡಿ ಉಪ್ಪು ಸುರಿದರೂ ಸಾರಿಗೆ ಉಪ್ಪು ಹತ್ತುತ್ತಿರಲಿಲ್ಲ. ಅಂಗಡಿಯ ಉಪ್ಪಿನಿಂದ ಏನೂ ಆಗುವುದಿಲ್ಲ, ಮಾತಿಗೆ ಮಾತೇ ಆಗಬೇಕು. ನಮ್ಮ ಯಜಮಾನರು ಮೊದಲ ವಾರ ಸುಮ್ಮನೆ ಉಂಡರು. ಎರಡನೇ ವಾರದಿಂದ ಅವರಿಗೆ ಪೇಟೆಯಲ್ಲಿ ಕೆಲಸ ಜಾಸ್ತಿಯಾಯಿತು. ನಲ್ಲಿಯ ಹತ್ತಿರ ಹೆಂಗಸರು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ನಿಲ್ಲಿಸದೆ ಮಾತಾಡಿಸಿದರೆ ಅದು ಇನ್ನೂ ಕಷ್ಟ. ಅಂಗಡಿಯವನು ಕೇಳದೆಯೇ ಉಪ್ಪಿನ ಪೊಟ್ಟಣ ತೆಗೆದಿಟ್ಟು ಹಲ್ಲು ಬಿಡುತ್ತಿದ್ದ. ನಾನೋ, ಬಾಯಿ ಜೋರಿನ ಹೆಂಗಸು ಎಂದು ಹೆಸರಾದವಳು, ತಲೆ ತಗ್ಗಿಸಿಕೊಂಡು ಬರುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ತಿಂದದ್ದು ಅನುಮಾನ. ಕಟ್ಟೆಗೆ ಕಳಿಸುವ ಮುಂಚೆ ನಾನು ಆ ಬಿಯರನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು ಕುಡಿದು ನೋಡಿದ್ದೆ. ಮೊದಲು ಹುರಿದ ರಾಗಿ, ಹಿಂದೆಯೇ ಅಂಚು ಸೀದ ಬೆಲ್ಲದ ಪಾಕ, ನುಂಗಿದ ಮೇಲೆ ಕಿತ್ತಳೆ ಸಿಪ್ಪೆಯ ಸಣ್ಣ ಕಹಿ, ಆಮೇಲೆ ಎದೆಯಲ್ಲಿ ನಿಧಾನಕ್ಕೆ ಹರಡುವ ಬಿಸಿ. ಇದೆಲ್ಲ ಇತ್ತೋ, ಇದೆ ಎಂದು ನಾನೇ ಅಂದುಕೊಂಡೆನೋ? ಮತ್ತೆ ನೋಡೋಣವೆಂದರೆ ಪೀಪಾಯಿ ಚಳಿಗಾಲ ಮುಗಿಯುವವರೆಗೆ ಕಟ್ಟೆಯ ಹಿಂದಿನ ಕೋಣೆಯಲ್ಲೇ ಇರಬೇಕು. ಮಾವ ಸುಳ್ಳು ಹೇಳುವವರಲ್ಲ. ಅಂದಮೇಲೆ ನನ್ನ ನಾಲಿಗೆಯೇ ಸುಳ್ಳಿರಬೇಕು ಎಂದು ನಂಬಿದೆ. ಹುಟ್ಟಿದಾಗಿನಿಂದ ಮಾಡಿದ ಅಡುಗೆಯೆಲ್ಲ ಹೀಗೇ ಇತ್ತೇನೋ, ಜನ ಮುಖ ನೋಡಿ ಹೊಗಳಿದರೇನೋ ಎಂದೆಲ್ಲ ಯೋಚನೆ ಬಂದು ಒಲೆಯ ಮುಂದೆ ಕೂತು ಅತ್ತಿದ್ದೂ ಉಂಟು.

ನನ್ನನ್ನು ಉಳಿಸಿದವಳು ಪಕ್ಕದ ಮನೆಯ ಚೌಡಕ್ಕ. ಅವಳ ಬಿಯರ್‌ಗೆ ಮೇಷ್ಟ್ರು ‘ಉಪ್ಪು’ ಅಂದಿದ್ದರು. ಅವಳ ಮನೆಯಲ್ಲಿ ಪಾಯಸ ಕೂಡ ಬಾಯಿಗಿಡುವ ಹಾಗಿರಲಿಲ್ಲ. ಒಂದು ದಿನ ಪಾತ್ರೆ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದಳು.

“ದೇವೀರಿ, ನಿನ್ನ ಸಾರು ಅರ್ಧ ಕೊಡು, ನಂದು ಅರ್ಧ ಇಟ್ಕೋ. ಬೆರೆಸಿ ನೋಡಾಣ. ಸತ್ರೆ ಇಬ್ರೂ ಒಟ್ಟಿಗೆ ಸಾಯಾಣ.”

ಬೆರೆಸಿದೆವು. ಸಪ್ಪೆಗೆ ಉಪ್ಪು ಬಿದ್ದು ಹದವಾಯಿತು. ಅವತ್ತಿನಿಂದ ಎರಡು ಮನೆಯ ಸಾರೂ ಗೋಡೆ ದಾಟಿ ಓಡಾಡತೊಡಗಿತು. ನಮ್ಮ ಯಜಮಾನರಿಗೆ ಪೇಟೆಯ ಕೆಲಸವೂ ಕಡಿಮೆಯಾಯಿತು.

ಹೀಗಿರುವಾಗ ಒಂದು ಭಾನುವಾರ ಮಾವ ಊಟಕ್ಕೆ ಬಂದರು. ಆ ಮಾತು ಹೇಳಿದ ಮೇಲೆ ಅವರು ನಮ್ಮ ಹೊಸ್ತಿಲು ತುಳಿದದ್ದು ಅದೇ ಮೊದಲು. ನನಗೆ ಸಿಟ್ಟಿತ್ತು, ಆದರೂ ಎಲೆ ಹಾಸಿದೆ. ಚೌಡಕ್ಕನ ಮನೆಯ ಹುರುಳಿ ಸಾರು ಆಗಷ್ಟೇ ಬಂದಿತ್ತು, ಇನ್ನೂ ಬೆರೆಸಿರಲಿಲ್ಲ. ಎರಡೂ ಪಾತ್ರೆ ಅಕ್ಕಪಕ್ಕ ಇದ್ದವು. ನಾನು ಹಿತ್ತಲಿಗೆ ಹೋಗಿ ಸೊಪ್ಪು ಕಿತ್ತು ತರುವಷ್ಟರಲ್ಲಿ ನಮ್ಮ ಯಜಮಾನರು ಉಪಚಾರ ಮಾಡಲು ಹೋಗಿ ಚೌಡಕ್ಕನ ಸಾರನ್ನೇ ಮಾವನಿಗೂ ಬಡಿಸಿ ತಾವೂ ಬಡಿಸಿಕೊಂಡಿದ್ದರು. ನಾನು ಒಳಗೆ ಬರುವಾಗ ಯಜಮಾನರು ಬಾಯಿಗೆ ಕೈ ಅಡ್ಡ ಹಿಡಿದು ಬಚ್ಚಲಿಗೆ ಓಡುತ್ತಿದ್ದರು. ಮಾವ ಮಾತ್ರ ಮುದ್ದೆ ಮುರಿದು, ಸಾರಿಗೆ ಅದ್ದಿ, ಸಾವಕಾಶವಾಗಿ ನುಂಗುತ್ತಿದ್ದರು. ಅರ್ಧ ಮುದ್ದೆ ಖಾಲಿಯಾಗಿತ್ತು.

“ಸಪ್ಪೆನೇ ಕಣವ್ವ, ಸುಳ್ಳ್ಯಾಕೆ ಹೇಳ್ಲಿ,” ಅಂದರು ಮರುಕದಿಂದ. “ಆದ್ರೆ ನಿನ್ ಕೈಗುಣ ಎಲ್ಲಿಗ್ ಹೋಗ್ತದೆ? ಉಣ್ಣಕ್ಕೇನೂ ಮೋಸ ಇಲ್ಲ.”

ನಾನು ಸೊಪ್ಪು ಹಿಡಿದುಕೊಂಡು ಹಾಗೇ ನಿಂತೆ. ಆ ಸಾರನ್ನು ದನವೂ ಮೂಸುತ್ತಿರಲಿಲ್ಲ. ಮಾವ ಬಟ್ಟಲೆತ್ತಿ ಉಳಿದದ್ದನ್ನೂ ಕುಡಿದರು. ಹಾಗಾದರೆ ನನ್ನ ಬಿಯರ್ ಸಪ್ಪೆಯಲ್ಲ, ಅವರ ನಾಲಿಗೆ ಸತ್ತಿದೆ! ಇದು ಹೊಳೆದಾಗ ನನಗೆ ಮೊದಲು ಆದದ್ದೇನು ಗೊತ್ತೇ? ಕುಣಿಯುವಷ್ಟು ಖುಷಿ. ಸಾಕಿ ಬೆಳೆಸಿದ ಮಾವನ ನಾಲಿಗೆ ಹೋಗಿದೆ ಎಂದು ತಿಳಿದು ಹಿಗ್ಗಿದವಳು ನಾನು. ಎಲೆ ಎತ್ತುವಾಗ ನೆನಪಾಗಿ ನನ್ನ ಮುಖ ನನಗೇ ಬೇಡವಾಯಿತು.

ಮಾರನೇ ದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಅತ್ತೆ ತೀರಿಕೊಂಡ ಮೇಲೆ ಅವರು ಒಬ್ಬರೇ. ಜಗಲಿಯ ಬಿಸಿಲಿನಲ್ಲಿ ಕೂತು ರುಚಿ ನೋಡುವ ಲೋಟವನ್ನು ಬೂದಿ ಹಾಕಿ ಉಜ್ಜುತ್ತಿದ್ದರು. ನಾನು ಸುತ್ತಿ ಬಳಸಿ ಮಾತಾಡಲಿಲ್ಲ.

“ಮಾವ, ನೆನ್ನೆ ನೀವ್ ಕುಡಿದಿದ್ದು ಚೌಡಕ್ಕನ ಮನೆ ಸಾರು.”

ಉಜ್ಜುವ ಕೈ ನಿಂತಿತು.

“ಯಾವಾಗಿಂದ?” ಅಂದೆ.

“ಹೋದ್ ಚಳಿಗಾಲಕ್ಕೇ ಹೋಗಿತ್ತು ಕಣವ್ವ. ಮೊದ್ಲು ಸಿಹಿ ಹೋಯ್ತು. ಆಮೇಲೆ ಒಂದೊಂದೇ.”

“ಹಂಗಾದ್ರೆ ಎರಡು ವರ್ಷದಿಂದ ಊರಿಗೆಲ್ಲ ಏನ್ ಹೇಳ್ಕೊಂಡ್ ಬಂದ್ರಿ?”

“ಬಣ್ಣ ನೋಡಿ ಹೇಳ್ದೆ. ನೊರೆ ನೋಡಿ ಹೇಳ್ದೆ. ಪಕ್ಕದಲ್ಲಿ ಮೇಷ್ಟ್ರು ಮೂಸಿ ಮುಖ ಹೆಂಗ್ ಮಾಡ್ತಾರೆ ಅಂತ ನೋಡಿ ಹೇಳ್ದೆ.”

ಹೋದ ವರ್ಷ ಕಂಬಳಿ ಮಾರುವ ಈರಣ್ಣನ ಮನೆಗೆ ‘ಒಗರು’ ಎಂದವರು ಮಾವನೇ. ಆ ಮನೆಗೆ ಹೊಸದಾಗಿ ಬಂದ ಸೊಸೆ ಗಂಟಲಲ್ಲಿ ಅನ್ನ ಇಳಿಯದೆ ಸೊರಗಿ, ಕೊನೆಗೆ ತವರಿಗೆ ಹೋದವಳು ಇನ್ನೂ ಬಂದಿಲ್ಲ. ಈರಣ್ಣನ ಮಗ ಅವತ್ತಿನಿಂದ ಯಾರೊಂದಿಗೂ ಸರಿಯಾಗಿ ಮಾತಾಡುವುದಿಲ್ಲ. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮಾವ ಲೋಟ ಬದಿಗಿಟ್ಟು ತಲೆ ತಗ್ಗಿಸಿದರು.

“ಮತ್ತೆ ನಂಗೆ ಯಾಕ್ ಹಂಗಂದ್ರಿ? ನಂಗೂ ಬಣ್ಣ ನೋಡಿ ಏನಾದ್ರೂ ಒಳ್ಳೇದು ಹೇಳ್ಬಹುದಿತ್ತಲ್ಲ?” ನನ್ನ ದನಿ ಏರಿತ್ತು.

“ನಿನ್ ಬಿಯರು ಅಂತ ಗೊತ್ತಾಯ್ತು, ಹುರಿದ ಬಣ್ಣದಲ್ಲೇ ಗೊತ್ತಾಯ್ತು. ನಾನೇ ಕಲಿಸಿದ್ದಲ್ವಾ ಅದು. ನಿನ್ ಮುಂದೆ ಸುಳ್ಳಾಡಕ್ಕೆ ಬಾಯಿ ಬರ್ಲಿಲ್ಲ ಮಗ. ನನ್ ನಾಲಗೆಗೆ ಏನ್ ಸಿಕ್ತೋ ಅದನ್ನೇ ಅಂದ್‌ಬಿಟ್ಟೆ.”

ಎರಡು ಚಳಿಗಾಲದಲ್ಲಿ ಅವರು ಆಡಿದ ಒಂದೇ ಒಂದು ನಿಜ ನನ್ನ ಮನೆಯಲ್ಲಿ ಬಂದು ಕೂತಿತ್ತು. ಊರ ಪೀಪಾಯಿಗೆ ಇನ್ನು ಕೆಲವೇ ದಿನ ಉಳಿದಿತ್ತು. ಹದ, ಘಮದಂಥ ಒಳ್ಳೆಯ ಮಾತುಗಳೆಲ್ಲ ಆಗಲೇ ಖರ್ಚಾಗಿದ್ದವು. ಅಷ್ಟರೊಳಗೆ ನೀವೇ ಕಟ್ಟೆ ಇಳಿದುಬಿಡಿ, ಮೈ ಹುಷಾರಿಲ್ಲ ಎಂದುಬಿಡಿ ಎಂದು ಕೇಳಿಕೊಂಡೆ. ಅವರು ಒಪ್ಪಲಿಲ್ಲ. ಹಿರಿಯ ರುಚಿಗಾರ ಉಸಿರಿರುವಾಗ ಊರ ಪೀಪಾಯಿ ಬಿಟ್ಟರೆ ಜನ ಕಾರಣ ಹುಡುಕದೆ ಇರುವುದಿಲ್ಲ, ಕಾರಣ ಸಿಕ್ಕ ದಿನ ಈರಣ್ಣ ಬಾಗಿಲಿಗೆ ಬಂದು ನಿಲ್ಲುತ್ತಾನೆ ಎಂಬುದು ಅವರ ಹೆದರಿಕೆ.

“ಇದೊಂದ್ ಪೀಪಾಯಿ ಕಣವ್ವ. ಹೆಂಗೋ ಏನೋ ಒಂದ್ ಹೇಳಿ ಇಳಿದ್‌ಬಿಡ್ತೀನಿ. ನೀನು ಯಾರಿಗೂ ಹೇಳಲ್ಲ ಅಂತ ಮಾತ್ ಕೊಡು.” ಬೂದಿ ಮೆತ್ತಿದ ಕೈಯಿಂದ ನನ್ನ ಕೈ ಹಿಡಿದುಕೊಂಡರು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಲ ಸುತ್ತಿಸಿದ ಮನುಷ್ಯ ನನ್ನ ಮುಂದೆ ಹೀಗೆ ಸಣ್ಣವರಾದದ್ದನ್ನು ನೋಡಲಾರದೆ ಹೇಳಲ್ಲ ಎಂದು ಮಾತು ಕೊಟ್ಟೆ.

ಕೊಟ್ಟ ಮೇಲೆ ನೆಮ್ಮದಿ ಹೋಯಿತು. ಯಾವ ಕೂಸನ್ನು ಕಂಡರೂ ನಮ್ಮಜ್ಜಿಯ ಕಾಲದ ಒಗರು ಹಾಲೇ ನೆನಪಾಗುತ್ತಿತ್ತು. ಮಾತು ಮುರಿದರೆ ಮಾವ ಉಳಿಯುವುದಿಲ್ಲ, ಮುರಿಯದಿದ್ದರೆ ಊರಿಗೆ ಏನು ಕಾದಿದೆಯೋ ಗೊತ್ತಿಲ್ಲ. ಉಳಿದದ್ದು ಒಂದೇ ದಾರಿ, ಮರುಗುಟುಕು. ತನಗೆ ಸಿಕ್ಕ ಮಾತು ಒಪ್ಪಿಗೆಯಾಗದವರು ಊರ ಪೀಪಾಯಿಗೆ ಮುಂಚೆ ಚೌಕದಲ್ಲಿ ನಿಂತು ಇನ್ನೊಂದು ಗುಟುಕು ಕುಡಿದು ನೋಡಿ ಎಂದು ಕೇಳಬಹುದು. ಕೇಳಿದರೆ ಆ ರುಚಿಗಾರರು ಮತ್ತೆ ಕುಡಿದು ಹೊಸ ಮಾತು ಹೇಳಬೇಕು, ಹೇಳಿ ಆ ವರ್ಷದ ಮಟ್ಟಿಗೆ ಕಟ್ಟೆ ಇಳಿಯಬೇಕು. ಇಳಿಯುವುದು ತಪ್ಪಿಗಲ್ಲ, ಮರ್ಯಾದೆಗೆ. ಮರ್ಯಾದೆ ಹೋಗುವುದು ಕೇಳಿದವರದ್ದು. ಹೊಗಳಿ ಎಂದು ಬಾಯಿಬಿಟ್ಟು ಬೇಡುವುದಕ್ಕಿಂತ ಹೀನಾಯ ನಮ್ಮೂರಲ್ಲಿ ಬೇರೆ ಇಲ್ಲ. ನಾನು ಕಂಡ ಹಾಗೆ ಯಾರೂ ಕೇಳಿದ್ದಿಲ್ಲ.

ಊರ ಪೀಪಾಯಿಯ ದಿನ ಬಿಸಿಲೇರುವ ಹೊತ್ತಿಗೆ ಚೌಕ ತುಂಬಿತ್ತು. ಜನ ಕಂಬಳಿ ಹೊದ್ದು, ಕೈ ಉಜ್ಜಿಕೊಳ್ಳುತ್ತಾ ನಿಂತಿದ್ದರು. ಪೀಪಾಯಿಯ ಬಿರಡೆ ತೆಗೆಯಲು ಸಣ್ಣತಾಯಮ್ಮ ಸುತ್ತಿಗೆ ಎತ್ತಿದ್ದರು. ನಾನು ಮುಂದೆ ಹೋಗಿ ನಿಂತೆ.

“ನನ್ನ ಬಿಯರಿಗೆ ಮರುಗುಟುಕು ಬೇಕು,” ಅಂದೆ.

ಮೊದಲು ಯಾರಿಗೂ ಕೇಳಿಸಲಿಲ್ಲ ಎಂದುಕೊಂಡೆ. ಆಮೇಲೆ ಹಿಂದಿನಿಂದ ಒಂದು ನಗು ಬಂತು. ನಂಜಪ್ಪ ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ದೇವೀರಮ್ಮ, ಯೋಚನೆ ಮಾಡಿ ಕೇಳ್ತಿದ್ದೀಯಾ? ಇವತ್ತು ಕೇಳಿದ್ರೆ ಮೂಡ್ಲಪ್ಪನೋರು ಇಳೀಬೇಕಾಗ್ತದೆ. ಊರ ಪೀಪಾಯಿ ಅವರ ಕೈ ತಪ್ತದೆ.”

“ಯೋಚನೆ ಮಾಡಿದೀನಿ.”

“ಒಂದ್ ಮಾತಿಗೆ ಸೋದರಮಾವನ್ನೇ ಇಳಿಸ್ತಾಳಲ್ಲ! ಎಂಥ ಹೆಂಗಸವ್ವ ಇವಳು!” ಯಾರೋ ಜೋರಾಗಿಯೇ ಅಂದರು. ಚೌಡಕ್ಕ ನನ್ನ ಸೆರಗು ಹಿಡಿದು ಎಳೆದಳು. ನಮ್ಮ ಯಜಮಾನರು ಗುಂಪಿನಲ್ಲಿ ಇನ್ನಷ್ಟು ಹಿಂದಕ್ಕೆ ಸರಿದರು. ಊರಿಗಾಗಿ ಮಾಡುತ್ತಿದ್ದೇನೆ ಎಂದು ಒಳಗೊಳಗೇ ಹೇಳಿಕೊಂಡೆ. ಆದರೆ ಸಪ್ಪೆ ತೊಲಗಲಿ ಎಂಬ ಆಸೆಯೂ ಅದರ ಪಕ್ಕದಲ್ಲೇ ಕೂತಿತ್ತು. ಯಾವುದು ಹೆಚ್ಚು, ಯಾವುದು ಕಡಿಮೆ ಎಂದು ಆಣೆ ಮಾಡಿ ಹೇಳಲಾರೆ. ಮಾವ ಏನಾದರೂ ಒಳ್ಳೆಯ ಮಾತು ಹೇಳಿ ನನ್ನನ್ನೂ ಕಾಪಾಡಲಿ ಎಂದು ಬಯಸಿದ್ದಂತೂ ನಿಜ.

ನನ್ನ ಪೀಪಾಯಿಯಿಂದ ಲೋಟ ತುಂಬಿ ತಂದರು. ಮಾವ ಈ ಸಲ ಬಿಸಿಲಿಗೆ ಹಿಡಿಯಲಿಲ್ಲ, ನೊರೆ ನೋಡಲಿಲ್ಲ. ನನ್ನನ್ನೇ ನೋಡಿದರು. ನಾನು ಯಾಕೆ ಬಂದಿದ್ದೇನೆ ಎಂದು ಅವರಿಗೆ ತಿಳಿದಿತ್ತು. ಒಂದೇ ಗುಟುಕು ಕುಡಿದು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡರು. ಕಣ್ಣಲ್ಲಿ ನೀರು ಬಂತು. ನುಂಗಿದರು.

“ನಾಚಿಕೆ,” ಅಂದರು.

ಚೌಕ ಘೊಳ್ಳೆಂದಿತು. ನನಗೆ ಛೀಮಾರಿ ಹಾಕಿದರು ಎಂದೇ ಎಲ್ಲರೂ ತಿಳಿದರು. ತಕ್ಕ ಶಾಸ್ತಿ ಎಂದರು. ಮಾವ ಅದನ್ನು ತಿದ್ದಲಿಲ್ಲ. ಲೋಟ ಕೆಳಗಿಟ್ಟು, ಗೋಡೆ ಹಿಡಿದುಕೊಂಡು ಕಟ್ಟೆ ಇಳಿದು, ಯಾರ ಕಡೆಗೂ ನೋಡದೆ ಮನೆಗೆ ಹೋದರು. ಊರ ಪೀಪಾಯಿಯನ್ನು ಉಳಿದಿಬ್ಬರಲ್ಲಿ ಹಿರಿಯರಾದ ಸಣ್ಣತಾಯಮ್ಮ ರುಚಿ ನೋಡಿದರು. ಮೂರು ಸಲ ಕುಡಿದು, ನಾಲಿಗೆ ಚಪ್ಪರಿಸಿ, “ಕಮ್ಮಗೆ” ಅಂದರು. ಜನ ಹೋ ಎಂದು ಕೂಗಿ ಲೋಟ ಚಾಚಿದರು. ನನಗೆ ಯಾರೂ ಲೋಟ ಕೊಡಲಿಲ್ಲ.

ಈಗ ಊರಿನಲ್ಲೆಲ್ಲ ಅಡುಗೆ ಬೆಣ್ಣೆ ಬಿದ್ದಂತೆ ಕಮ್ಮಗಿದೆ. ನಮ್ಮ ಮನೆಯಲ್ಲಿ ಸಪ್ಪೆ ಎದ್ದುಹೋಗಿ ನಾಚಿಕೆ ಕೂತಿದೆ. ಅದು ಎಂಥ ರುಚಿ ಎಂದು ಕೇಳಬೇಡಿ. ಬಾಯಲ್ಲಿರುವಾಗ ಎಲ್ಲ ಸರಿಯಿರುತ್ತದೆ, ಊರಿನಂತೆ ಕಮ್ಮಗೇ ಇರುತ್ತದೆ. ನುಂಗಿದ ಮೇಲೆ ಕಿವಿ ಬಿಸಿಯಾಗಿ, ಎಂದೋ ಮುಚ್ಚಿಟ್ಟದ್ದು ಗಂಟಲಿಗೆ ಬಂದು ನಿಲ್ಲುತ್ತದೆ. ಮೊದಲ ದಿನ ನಮ್ಮ ಯಜಮಾನರು ಎರಡು ತುತ್ತು ತಿಂದು, ತಟ್ಟೆ ನೋಡುತ್ತಾ, ಪೇಟೆಯಲ್ಲಿ ಯಾವ ಕೆಲಸವೂ ಇರಲಿಲ್ಲ, ಹೋಟೆಲಿನಲ್ಲಿ ಉಂಡು ಬರುತ್ತಿದ್ದೆ ಅಂದರು. ಗೊತ್ತಿತ್ತು ಬಿಡಿ ಅಂದೆ. ಚೌಡಕ್ಕ ಒಂದು ಸೌಟು ಸಾರು ಕುಡಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. “ನಿಂಗೆ ಸಪ್ಪೆ ಅಂದಾಗ ನಂಗೆ ಒಳಗೊಳಗೇ ಖುಷಿಯಾಗಿತ್ತು ಕಣೆ,” ಅಂದಳು. ನಾನು ಅವಳನ್ನು ಬೈಯಲಿಲ್ಲ. ಉಣ್ಣುವಾಗೆಲ್ಲ ನನಗೂ ಆ ಭಾನುವಾರ ಸೊಪ್ಪು ಹಿಡಿದು ನಿಂತು ಹಿಗ್ಗಿದ್ದೇ ನೆನಪಿಗೆ ಬರುತ್ತದೆ.

ಮಾವ ಮನೆಬಿಟ್ಟು ಹೊರಗೆ ಬರುತ್ತಿರಲಿಲ್ಲ. ಬಾಗಿಲು ತಟ್ಟಿದರೆ ತೆರೆಯುತ್ತಲೂ ಇರಲಿಲ್ಲ. ನೆನ್ನೆ ಮಧ್ಯಾಹ್ನ ತಾವಾಗಿಯೇ ಬಂದು ಜಗಲಿಯ ಮೇಲೆ ಕೂತರು. ಸೊರಗಿದ್ದರು. ನಾನು ಒಳಗೆ ಕರೆದು ಎಲೆ ಹಾಸಿ ಮುದ್ದೆ ಇಟ್ಟು, ಬಟ್ಟಲಿಗೆ ಸಾರು ಬಿಟ್ಟೆ. ಒಂದು ತುತ್ತು ನುಂಗಿದರು. ಕೈ ಎಲೆಯ ಮೇಲೆ ಹಾಗೇ ನಿಂತಿತು. ಕಿವಿ ಕೆಂಪಗಾಯಿತು. ನಾನು ಹೆದರಿ ನೀರಿನ ಚೊಂಬು ತಂದೆ.

“ನೀರ್ ಬ್ಯಾಡ,” ಅಂದರು. “ಇದು ತಿಳೀತದೆ ಕಣವ್ವ. ನಾಲಗೆಗೆ ಇದೊಂದು ತಿಳೀತದೆ.”

ತಲೆ ಎತ್ತದೆ ಉಂಡರು. ಇನ್ನೊಂದು ಸೌಟು ಹಾಕು ಎಂದು ಕೇಳಿ ಹಾಕಿಸಿಕೊಂಡು ಅದನ್ನೂ ಉಂಡರು. ಉಣ್ಣುತ್ತಾ ಕಣ್ಣೊರೆಸಿಕೊಂಡರು, ಮತ್ತೆ ಉಂಡರು. ಬಟ್ಟಲಲ್ಲಿ ಒಂದು ಹನಿ ಬಿಡಲಿಲ್ಲ. ಕೈ ತೊಳೆದು, ಹೆಗಲ ಮೇಲಿನ ಟವೆಲ್ ಕೊಡವಿ, ಬಾಗಿಲವರೆಗೆ ಹೋಗಿ, ಚಪ್ಪಲಿ ಮೆಟ್ಟಿ ನಿಂತುಕೊಂಡರು. ಅವರ ಮನೆ ಇರುವುದು ಎಡಕ್ಕೆ. ಅವರು ನೋಡುತ್ತಿದ್ದದ್ದು ಬಲಕ್ಕೆ, ಕಂಬಳಿಯವರ ಬೀದಿಯ ಕಡೆಗೆ.

“ಇಷ್ಟೊತ್ತಲ್ಲಿ ಎಲ್ಲಿಗೆ ಮಾವ? ಮಲಗೆದ್ದು ಹೋಗಿ,” ಅಂದೆ.

“ಈರಣ್ಣ ಮನೇಲಿರ್ತಾನೆ ಈಗ. ಮಗನೂ ಇರ್ತಾನೆ.” ಸ್ವಲ್ಪ ಹೊತ್ತು ಚಪ್ಪಲಿ ಹುಡುಕುವವರ ಹಾಗೆ ಕೆಳಗೆ ನೋಡಿದರು. ಚಪ್ಪಲಿ ಕಾಲಲ್ಲೇ ಇತ್ತು. “ನೀನೂ ಬರ್ತೀಯಾ ಮಗ? ಒಬ್ನೇ ಹೋಗಕ್ಕೆ ನಾಚ್ಕೆ ಆಯ್ತದೆ.”

ನಾನು ಒಲೆಯ ಕೊಳ್ಳಿ ಹಿಂದಕ್ಕೆಳೆದು, ಸೆರಗು ಹೊದ್ದು, ಅವರ ಜೊತೆಗೆ ಹೊರಟೆ.